ಟೋಕನ್ ಹೇಳಬೇಕಾದವರು ಯಾರು

ಇಸ್ತ್ರಿ ಅಕ್ಕನ ಅಂಗಡಿಯಲ್ಲಿ ಇರುವುದು ಒಂದೇ ಕಾನೂನು. ಟೋಕನ್ ನಂಬರ್ ಹೇಳಿದವರಿಗೆ ಬಟ್ಟೆಯ ಗಂಟು. ಹೇಳದವರು ಎಷ್ಟೇ ದೊಡ್ಡವರಾಗಿರಲಿ, ಬರಿಗೈ. ಎದುರು ಕಟ್ಟಡದ ವಕೀಲರು ಒಮ್ಮೆ ಟೋಕನ್ ಮರೆತು ಬಂದು, ಕಣ್ಣೆದುರೇ ನೇತಾಡುತ್ತಿದ್ದ ತಮ್ಮ ಕೋಟನ್ನು ಬಿಟ್ಟು ಮನೆಗೆ ವಾಪಸ್ ನಡೆದಿದ್ದರು.

"ಕೋಟು ನಿಮ್ದೇ ಸಾರ್, ನಂಗೊತ್ತು. ಆದ್ರೆ ನನ್ ಅಂಗಡಿಗೆ ಮುಖ ಗೊತ್ತಾಗಲ್ಲ, ನಂಬರ್ ಅಷ್ಟೇ ಗೊತ್ತಾಗೋದು" ಎಂದಿದ್ದಳು.

ಹೀಗೆ ವರ್ಷಾನುಗಟ್ಟಲೆ ಒಬ್ಬರದೊಂದು ಕರವಸ್ತ್ರವೂ ಕಳೆಯದೆ ಅಂಗಡಿ ನಡೆಸಿದವಳು. ಭಾರದ ಇಸ್ತ್ರಿಪೆಟ್ಟಿಗೆ ತಳ್ಳಿ ತಳ್ಳಿ ಬಲಗೈ ಮಣಿಕಟ್ಟು ಸವೆದಿತ್ತು. ಇನ್ನು ಇದನ್ನು ಬಿಡದಿದ್ದರೆ ಕೈಯನ್ನೇ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ ಮೇಲೆ, ಹಬೆಯ ಇಸ್ತ್ರಿ ಮಷಿನ್ ಒಂದನ್ನು ಕೊಳ್ಳಲೆಂದು ಬ್ಯಾಂಕಿನಲ್ಲಿ ಹಣ ಕೂಡಿಡುತ್ತ ಬಂದಿದ್ದಳು.

ಒಂದು ಮಧ್ಯಾಹ್ನ ಫೋನ್ ಬಂತು. ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕಾಲರ್ ತೀಡುತ್ತಲೇ ಕೇಳಿದಳು. ಬೆಣ್ಣೆಯಂಥ ದನಿ. ತಾನು ಬ್ಯಾಂಕಿನವನು, ಯಾರೋ ನಿಮ್ಮ ಹಣ ತೆಗೆಯಲು ನೋಡುತ್ತಿದ್ದಾರೆ, ನಾವು ತಡೆದಿದ್ದೇವೆ, ಹಣ ನಿಮ್ಮದೇ ಎಂದು ಖಚಿತಪಡಿಸಲು ಈಗ ಫೋನಿಗೆ ಬಂದ ನಂಬರ್ ಹೇಳಿ ಎಂದ. ಬೇರೆ ಯಾರಿಗಾದರೂ ಇಲ್ಲಿ ಅನುಮಾನ ಬರುತ್ತಿತ್ತೇನೋ. ಅವಳಿಗೆ ಬ್ಯಾಂಕಿನವರ ಬಾಯಲ್ಲಿ ಮೊದಲ ಬಾರಿ ಅರ್ಥವಾಗುವ ಮಾತು ಕೇಳಿದಂತಾಯಿತು. ಗಂಟು ಅವರ ಅಂಗಡಿಯಲ್ಲಿದೆ, ಗಿರಾಕಿ ತಾನು, ನಂಬರ್ ಹೇಳಬೇಕು. ನನ್ನ ಹಾಗೇ ಕಟ್ಟುನಿಟ್ಟಿನ ಮನುಷ್ಯ ಎಂದು ಒಳಗೊಳಗೇ ಮೆಚ್ಚಿಕೊಂಡು, ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ ಹೇಳಿದಳು.

ಫೋನ್ ಗುಂಯ್‌ಗುಟ್ಟಿತು. ಖಾತೆ ಬರಿದಾದ ಸಂದೇಶ ಓದಿ ಮುಗಿಸುವಷ್ಟರಲ್ಲಿ ಮೂಗಿಗೆ ಸೀದ ವಾಸನೆ ಬಡಿಯಿತು. ಇಸ್ತ್ರಿಪೆಟ್ಟಿಗೆ ಕಾಲರಿನ ಮೇಲೇ ನಿಂತುಬಿಟ್ಟಿತ್ತು.

ಆ ಗಳಿಗೆಯಲ್ಲೇ ಬ್ಯಾಂಕಿಗೂ ಪೊಲೀಸರ ಸಹಾಯವಾಣಿಗೂ ಫೋನ್ ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬ್ಯಾಂಕಿನ ಗೋಡೆಯ ಮೇಲೆ ಅದನ್ನು ಓದಿದ್ದಳು. ಆದರೆ ಬಾಗಿಲು ಹಾಕುವವರೆಗೂ ಬಾಯಿ ಬಿಡದೆ ಬಟ್ಟೆ ಮಡಿಸುತ್ತ ಕುಳಿತಳು. ಕಾರಣ, ಒಂದೇ ಮನೆಯಲ್ಲಿದ್ದ ಅಣ್ಣ. ಬಸ್ ಡಿಪೋದ ಉಗ್ರಾಣ ನೋಡಿಕೊಂಡು ನಿವೃತ್ತನಾದ ಈ ಮಹಾಶಯ, ಹಣ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಯಿಂದ ಗಟ್ಟಿಯಾಗಿ ಓದಿ, ತೊಡೆ ತಟ್ಟಿ ನಗುತ್ತಿದ್ದ. ಇಂಥ ಪೆದ್ದರಿಗೆ ಹಾಗೇ ಆಗಬೇಕು ಎನ್ನುತ್ತಿದ್ದ. ಅವಳು ಕಳ್ಳನಿಗಿಂತ ಆ ನಗುವಿಗೆ ಹೆದರಿದಳು. ಕಳ್ಳರು ಸಂಬಳ ಕೊಡದೆ ಇಟ್ಟುಕೊಂಡಿರುವ ಆಳುಗಳೆಂದರೆ ಹೀಗೆ ನಗುವವರೇ. ಇಂಥವರು ಮನೆಮನೆಯಲ್ಲೂ ಇದ್ದಾರೆ, ಥೂ.

ಮರುದಿನ ಬ್ಯಾಂಕಿನಲ್ಲಿ ಗುಮಾಸ್ತ ತಲೆಯೆತ್ತದೆ, "ನೀವೇ ನಂಬರ್ ಹೇಳಿದ್ರಾ? ಇನ್ನೇನ್ ಮಾಡೋಕಾಗುತ್ತೆ" ಎಂದ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಳಗಿನ ಕೋಣೆಯ ಅಧಿಕಾರಿಣಿ ಮಾತ್ರ ಕೂರಿಸಿ, ಖಾತೆಗೆ ತಡೆ ಹಾಕಿ, ದೂರು ಬರೆಸಿಕೊಂಡರು. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ಹಾರಿಸುತ್ತಾರೆ, ಕೂಡಲೇ ತಿಳಿಸಿದ್ದರೆ ನಡುದಾರಿಯಲ್ಲಿ ಹಿಡಿಯಬಹುದಿತ್ತು ಎಂದರು. ಕಳ್ಳರ ಒಂದು ಖಾತೆಯಲ್ಲಿ ತಳಕ್ಕಂಟಿ ಉಳಿದಷ್ಟು ಸಿಕ್ಕಿತು. ಮಷಿನ್ನಿನ ಆಸೆ ಅಲ್ಲಿಗೆ ಮುಗಿಯಿತು.

ಸಂಜೆ ಮನೆಯಲ್ಲಿ ಹೇಳಿದಳು. ಅಣ್ಣ ತೊಡೆ ತಟ್ಟಿದ. "ವಕೀಲರಿಗೇ ಕೋಟು ಕೊಡದವಳು, ಕಳ್ಳಂಗೆ ಕರೆದು ಕೊಟ್ಟಳಪ್ಪ."

ಅತ್ತಿಗೆ ಕೈಲಿದ್ದ ತಟ್ಟೆಯನ್ನು ಕುಕ್ಕಿದಳು. "ಸಾಕು ಮಾಡಿ. ಹೋದ ವರ್ಷ ನೀವು ಇದೇ ಥರ ನಂಬರ್ ಹೇಳಿ ಕಳ್ಕೊಂಡ್ರಲ್ಲ, ಅದನ್ನೂ ಹೇಳಿ ನಗಿ."

ತೊಡೆಯ ಮೇಲಿನ ಕೈ ಅಲ್ಲೇ ಉಳಿಯಿತು. ಮರ್ಯಾದೆ ಹೋಗುತ್ತದೆಂದು ಹೆಂಡತಿಯ ಬಾಯಿಗೂ ಬೀಗ ಹಾಕಿದ್ದನಂತೆ. ಅಕ್ಕನಿಗೆ ಅಳು ಬರಲಿಲ್ಲ. ವಾರಗಟ್ಟಲೆ ಒದ್ದೆಯಾಗಿಯೇ ಬಿಟ್ಟ ಗಂಟನ್ನು ಬಿಚ್ಚಿದಾಗ ಮುಖಕ್ಕೆ ರಾಚುವ ಮುಗ್ಗಲು ನಾತ ಬಂದಂತೆ ಮುಖ ಪಕ್ಕಕ್ಕೆ ತಿರುಗಿಸಿದಳು.

"ನೀನು ಒಂದೇ ಒಂದು ಮಾತು ಹೇಳಿದ್ದಿದ್ರೆ ಅವತ್ತು ನಾನು ಫೋನ್ ಕುಕ್ಕಿರ್ತಿದ್ದೆ ಅಣ್ಣ" ಎಂದಷ್ಟೇ ಹೇಳಿ ಎದ್ದುಹೋದಳು.

ಕೆಲವು ದಿನಗಳ ಮೇಲೆ ಮತ್ತೊಂದು ಬೆಣ್ಣೆದನಿ. ಕಳೆದ ಹಣ ಸಿಕ್ಕಿದೆಯಂತೆ, ಹಿಂತಿರುಗಿಸಲು ಫೋನಿಗೆ ಬಂದ ನಂಬರ್ ಬೇಕಂತೆ. ಹೆಣದ ಜೇಬನ್ನೂ ತಡಕುವ ಜಾತಿ. ಅವಳು ಈ ಸಲ ಪೆಟ್ಟಿಗೆಯನ್ನು ಜೋಪಾನವಾಗಿ ಸ್ಟ್ಯಾಂಡಿಗೆ ಇಟ್ಟಳು.

"ನನ್ ಅಂಗಡೀಲಿ ಗಂಟು ಕೇಳ್ಕೊಂಡು ಬಂದೋರು ನಂಬರ್ ಹೇಳ್ಬೇಕು ಕಣಯ್ಯ, ಗಂಟು ಇಟ್ಕೊಂಡೋರಲ್ಲ. ಕೇಳ್ತಿರೋನು ನೀನು. ಎಲ್ಲಿ, ನಿನ್ ಟೋಕನ್ ಹೇಳು."

ಆಚೆಯಿಂದ ಒಂದು ಹೊಲಸು ಬೈಗುಳ ಬಂದು ಫೋನ್ ಸತ್ತಿತು. ಮುಂದಿನ ಅಂಗಿ ಮುಟ್ಟುವ ಮೊದಲೇ ಅವಳು ಸಹಾಯವಾಣಿಯಲ್ಲಿ ಆ ಫೋನ್ ನಂಬರನ್ನು ಬರೆಸಿದಳು. ಅಂದಿನಿಂದ ಬಟ್ಟೆ ಒಯ್ಯಲು ಬಂದವರೆಲ್ಲ ಅವಳ ಕಥೆ ಕೇಳಿಯೇ ಹೋಗಬೇಕು.

ಸುದ್ದಿ ಮುಟ್ಟಿ ಅಣ್ಣ ಒಂದು ಸಂಜೆ ಅಂಗಡಿಗೆ ಬಂದ. ಹೀಗೆ ಕಂಡಕಂಡವರಿಗೆ ಸಾರಬೇಡ, ಮನೆಯ ಮರ್ಯಾದೆಯ ಪ್ರಶ್ನೆ ಎಂದು ಪಿಸುಗುಟ್ಟಿದ. ಅದೇ ಹೊತ್ತಿಗೆ ವಕೀಲರು ಟೋಕನ್ ಹಿಡಿದು ಮೆಟ್ಟಿಲು ಹತ್ತಿದರು. ಅವಳು ಸವೆದ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಳ್ಳುತ್ತ ಬೆಂಚು ತೋರಿಸಿದಳು.

"ಕೂತ್ಕೊಳ್ಳಿ ಸಾರ್, ನನ್ ದುಡ್ಡು ಹೋದ ಕಥೆ ಹೇಳ್ತೀನಿ. ಅಣ್ಣ, ನೀನೂ ಕೂತ್ಕೋ. ನಿಂದು ನೀನೇ ಹೇಳ್ತೀಯೋ, ಅದನ್ನೂ ನಾನೇ ಹೇಳ್ಲೋ?"