ಉಳಿಸಿಟ್ಟ ಮಾತ್ರೆಗಳು

ತೊಳೆದು ತೊಳೆದು ಡಾಕ್ಟರಮ್ಮನ ಬೆರಳ ಗೆಣ್ಣುಗಳು ಬಿರುಕು ಬಿಟ್ಟಿದ್ದವು. ಪ್ರತಿ ರೋಗಿಯನ್ನು ಮುಟ್ಟುವ ಮೊದಲೊಮ್ಮೆ, ಮುಟ್ಟಿದ ಮೇಲೊಮ್ಮೆ ಕೈ ತೊಳೆಯುವರು. ಸವಳಂಗ ರಸ್ತೆಯ ಆ ಆಸ್ಪತ್ರೆಯ ಐಸಿಯು ಬಾಗಿಲಿನಿಂದ ಮೊದಲ ದಿನವೇ ನನ್ನನ್ನು ವಾಪಸು ಕಳಿಸಿದ್ದರು: "ಹೆಬ್ಬೆರಳು ಬಿಟ್ರಿ ಯಜಮಾನ್ರೇ. ಹೋಗಿ, ಇನ್ನೊಂದ್ಸಲ ತೊಳ್ಕೊಂಡ್ ಬನ್ನಿ."

ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು, ಅದರ ಸೈರನ್ನಿನ ಪ್ರಕಾರ ಎದ್ದು, ಉಂಡು, ಮಲಗಿದ ನನಗೆ ಆ ಶಿಸ್ತು ಹಿಡಿಸಿತು. ಒಳಗೆ ನನ್ನ ಹೆಂಡತಿ ಎಚ್ಚರವಿಲ್ಲದೆ ಮಲಗಿದ್ದಳು. ಮೂತ್ರದ ಸೋಂಕು ರಕ್ತಕ್ಕೇರಿ ಬಿಪಿ ಬಿದ್ದುಹೋಗಿತ್ತು. ಕೊಟ್ಟ ಆ್ಯಂಟಿಬಯೋಟಿಕ್ ಯಾವುದೂ ನಾಟುತ್ತಿರಲಿಲ್ಲ.

"ಮುಂಚೆ ಏನೇನ್ ಮಾತ್ರೆ ತಗೊಂಡಿದ್ರು? ಅಂದಾಜು ಬೇಡ, ಹೆಸರು ಹೇಳಿ." ಅಂದಾಜನ್ನು ಅವರು ಯಾರಿಂದಲೂ ಒಪ್ಪುತ್ತಿರಲಿಲ್ಲ.

ಮರುದಿನ ಮನೆಯಿಂದ ಡಬ್ಬಿ ತಂದು ಹೆಮ್ಮೆಯಿಂದಲೇ ತೆರೆದೆ. ಅವಳ ಜ್ವರ ಇಳಿದೊಡನೆ ಮಾತ್ರೆ ನಿಲ್ಲಿಸಿ, ಉಳಿದವಕ್ಕೆ ಚೀಟಿ ಅಂಟಿಸಿ ಜೋಡಿಸಿಡುವುದು ನನ್ನ ಪದ್ಧತಿ. ಅವಳು ಮತ್ತೆ ಉರಿಮೂತ್ರ ಎಂದಾಗ ಅದರಿಂದಲೇ ಎರಡು ದಿನ ಕೊಡುತ್ತಿದ್ದೆ.

ಡಾಕ್ಟರಮ್ಮ ಒಂದೊಂದೇ ಮಾತ್ರೆ ಪಟ್ಟಿ ಎತ್ತಿ ನೋಡಿದರು. ದನಿ ಏರಿಸಲಿಲ್ಲ. ಅವಳ ಮೂತ್ರದ ಕ್ರಿಮಿಗೆ ಯಾವ ಔಷಧ ನಾಟುತ್ತದೆಂದು ಪರೀಕ್ಷಿಸಿದ ಕಲ್ಚರ್ ರಿಪೋರ್ಟ್ ತಂದು ಪಕ್ಕದಲ್ಲಿಟ್ಟರು. ಔಷಧಗಳ ಹೆಸರಿನ ಮುಂದೆ ಸಾಲಾಗಿ 'ಆರ್' ಎಂದಿತ್ತು.

"ಆರ್ ಅಂದ್ರೆ ಕ್ರಿಮಿ ಇದಕ್ಕೆ ಬಗ್ಗಲ್ಲ ಅಂತ. ಅರ್ಧಂಬರ್ಧ ಕೊಟ್ಟು ನೀವೇ ಅದಕ್ಕೆ ಟ್ರೇನಿಂಗ್ ಕೊಟ್ಟಿದ್ದೀರಿ. ಇನ್ನು ಒಂದೇ ಔಷಧ ಉಳಿದಿರೋದು. ಅದ್ರಿಂದ ಕಿಡ್ನಿಗೆ ಹೊಡೆತ ಬೀಳಬಹುದು."

"ಗ್ಯಾರಂಟಿ ಇದೆಯಾ ಮೇಡಂ?"

"ಇಲ್ಲ. ಹಾಕ್ದೇ ಇದ್ರೆ ಏನಾಗುತ್ತೆ ಅನ್ನೋದು ಗ್ಯಾರಂಟಿ."

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಅಂದಿನಿಂದ ಅವರು ಬಂದೊಡನೆ ಮೊದಲು ನೋಡುತ್ತಿದ್ದುದು ಮೂತ್ರದ ಚೀಲವನ್ನು. ನಾನೂ ಬಗ್ಗಿ ಗೆರೆ ಓದುತ್ತಿದ್ದೆ. ಎರಡನೆಯ ದಿನ ಅದು ಬಹುತೇಕ ಖಾಲಿ. ಅವರು ಡೋಸಿನ ಲೆಕ್ಕ ಮಾಡಿದರು, ಅಳಿಸಿ ಮತ್ತೆ ಮಾಡಿದರು. ಮೂರನೆಯ ದಿನ ಸ್ವಲ್ಪ ಬಂತು. ಐದನೆಯ ದಿನ ಬೆಳಿಗ್ಗೆ ಚೀಲ ತುಂಬಿತ್ತು, ಜ್ವರ ಇಳಿದಿತ್ತು.

ಕಣ್ಣು ಬಿಟ್ಟವಳು ಕೇಳಿದಳು: "ನಂಗ್ಯಾಕೆ ಹಿಂಗಾಯ್ತು ಡಾಕ್ಟ್ರೇ?"

ಅವರು ನನ್ನತ್ತ ನೋಡಿದರು. "ಯಜಮಾನ್ರು ಹೇಳ್ತಾರೆ, ಅಮ್ಮ," ಎಂದು ಪರದೆ ಎಳೆದು ಹೊರಟರು.

ಹೇಳಿದೆ. ಅವಳು, "ನೀವು ಕೊಟ್ಟಿದ್ದು ಅಂತ ಕೇಳ್ದೇ ನುಂಗ್ತಿದ್ದೆ ಮಾರಾಯ್ರೇ," ಎಂದಳು.

ಡಾಕ್ಟರಮ್ಮ ಈಗ ಈ ಊರಿನಲ್ಲಿಲ್ಲ. ಹೆಂಡತಿಯನ್ನು ಉಳಿಸಿಕೊಟ್ಟದ್ದಕ್ಕೆ ನಾವು ಆಸ್ಪತ್ರೆಯಿಂದ ಹೊರಡುವ ದಿನ ಕೈಮುಗಿದಿದ್ದೆ. ಆ ಪರದೆ ಎಳೆದು, ಹೇಳುವುದನ್ನು ನನಗೇ ಬಿಟ್ಟದ್ದಕ್ಕೆ ಏನು ಹೇಳಬೇಕಿತ್ತೋ, ನನಗೆ ಇನ್ನೂ ತಿಳಿದಿಲ್ಲ.