‘ಸರಿ’ ಅಂದರೆ ಸಾಲದು

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಪುಟ್ಟ ವಿಮಾನ ನಿಲ್ದಾಣದ ಟವರಿನ ತುದಿಯಲ್ಲಿ, ಸುತ್ತ ಗಾಜಿರುವ ಕೋಣೆಯೊಳಗೆ, ಒಬ್ಬಾಕೆ ಹಳೆಯ ಹತ್ತಿಬಟ್ಟೆ ಹಿಡಿದು ಗಾಜಿನ ಮಬ್ಬು ಒರೆಸುತ್ತಿದ್ದಾರೆ. ಒರೆಸಿದಷ್ಟೂ ಕೆಳಗಿನ ರನ್‌ವೇ ನಿಚ್ಚಳವಾಗುತ್ತದೆ. ಗಾಳಿಯ ದಿಕ್ಕು ತೋರುವ ಬಟ್ಟೆಯ ಚೀಲ ಜೋಲುಬಿದ್ದಿದೆ. ಆಕೆ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ.

“ಹಾರಿದೋರೆಲ್ಲ ಮನೆ ಸೇರ್ಲಿ ಅಂತ ಕೇಳ್ಕೋತೀನಿ, ಅಷ್ಟೇ. ಉಳಿದಿದ್ದು ನನ್ನ ಕೆಲಸ. ಅದನ್ನೂ ದೇವರ ತಲೆಗೇ ಕಟ್ಟಿದ್ರೆ ಹೇಗೆ?”

ಯಾವ ವಿಮಾನ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂದು ರೇಡಿಯೊದಲ್ಲಿ ಹೇಳುವುದು ಈಕೆಯ ಉದ್ಯೋಗ. ದಿನಕ್ಕೆ ಬರುವ ಪ್ರಯಾಣಿಕರ ವಿಮಾನಗಳನ್ನು ಬೆರಳಲ್ಲಿ ಎಣಿಸಬಹುದು. ಮಿಕ್ಕವರೆಲ್ಲ ಸ್ವಂತ ದುಡ್ಡಿನಲ್ಲಿ ಪುಟ್ಟ ವಿಮಾನ ಕೊಂಡು, ಬಿಡುವಾದಾಗ ಹಾರುವ ಖಾಸಗಿ ಪೈಲಟ್‌ಗಳು. ಅವರು ಈಕೆಗೆ ಇಟ್ಟಿರುವ ಹೆಸರು ‘ಹೇಳಿ ನೋಡೋಣ ಅಕ್ಕ’. ಕೊಟ್ಟ ಸೂಚನೆಯನ್ನು ಪೈಲಟ್ ತಿರುಗಿ ಒಪ್ಪಿಸುವುದು ನಿಯಮ. ‘ಸರಿ’ ಎಂದು ಮುಗಿಸಿಬಿಡುವವರನ್ನು ಆಕೆ ಬಿಟ್ಟವರಲ್ಲ.

ಆಕೆಯ ತಂದೆ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದರು. “ಅಪ್ಪ ಕೂಗಿ ಸುಮ್ಮನಾಗ್ತಿದ್ರು. ಜನ ಕೇಳಿದ್ರೋ ಇಲ್ವೋ, ಅವರಿಗೆ ಬೇಕಿರ್ಲಿಲ್ಲ. ನಂಗೆ ಬೇಕು.” ಪಾಳಿಯ ಕೆಲಸ, ಮಗನ ಶಾಲೆಯ ಸಮಾರಂಭಗಳು ತಪ್ಪಿದವು, ನಿದ್ದೆ ಹೊತ್ತು ಗೊತ್ತಿಲ್ಲದೆ ಬಂದುಹೋಗುತ್ತದೆ. ಗಂಡ ನಗುತ್ತಲೇ ದೂರುತ್ತಾರೆ: “ಈರುಳ್ಳಿ ಎರಡು ಕೆಜಿ, ಟೊಮೆಟೊ ಒಂದು ಕೆಜಿ ಅಂತ ತಿರುಗಿ ಹೇಳೋವರೆಗೂ ನಂಗೆ ಹೊಸಿಲು ದಾಟೋಕೆ ಪರ್ಮಿಷನ್ ಇಲ್ಲ!”

ಇರುವ ರನ್‌ವೇ ಒಂದೇ, ತುದಿಗೊಂದು ನಂಬರು. ಈ ತುದಿಯಿಂದ ಬಂದರೆ ‘ಒಂದು ಮೂರು’, ಆ ತುದಿಯಿಂದ ಬಂದರೆ ‘ಮೂರು ಒಂದು’. ಅಂಕಿಗಳು ಅವೇ. ಹಿಂದುಮುಂದಾದರೆ ವಿಮಾನಗಳು ಎದುರುಬದುರಾಗುತ್ತವೆ.

ಕಳೆದ ವರ್ಷ ಒಂದು ಬೆಳಗ್ಗೆ ಆದದ್ದೇ ಅದು. ಗಾಳಿ ದಿಕ್ಕು ಬದಲಿಸಿತ್ತು, ಅದರ ಜೊತೆ ಇಳಿಯಬೇಕಾದ ತುದಿಯೂ ಬದಲಾಗಿತ್ತು. ಬಟ್ಟೆ ಅಂಗಡಿಯ ಯಜಮಾನರೊಬ್ಬರು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಳಿಯಲು ಬರುತ್ತಿದ್ದರು. ‘ಒಂದು ಮೂರು’ ಎಂದು ಈಕೆ ಹೇಳಿದರೆ, “ಸರಿ ಸರಿ, ಬಂದೆ” ಎಂಬ ಉತ್ತರ.

“ನಂಬರ್ ಹೇಳಿ.”

“ಎಷ್ಟು ವರ್ಷದಿಂದ ಇಳೀತಿದೀನಿ ಅಕ್ಕಾ, ನಾನೇನು ಸ್ಕೂಲ್ ಹುಡುಗನಾ?”

“ಆಮೇಲೆ ಬೈಯುವಿರಂತೆ. ನಂಬರ್ ಹೇಳಿ.”

ಪಕ್ಕದಿಂದ ಹೆಂಡತಿಯ ದನಿ: “ಕೇಳ್ತಿದಾರಲ್ಲ, ಹೇಳ್ರೀ!”

“ಮೂರು ಒಂದು.”

ಇನ್ನೊಂದು ತುದಿಯಲ್ಲಿ ಪ್ರಯಾಣಿಕರ ವಿಮಾನ ಹೊರಡಲು ಅವರತ್ತಲೇ ಮೂತಿ ತಿರುಗಿಸಿ ನಿಂತಿತ್ತು. ಆಕೆ ಅದನ್ನು ಅಲ್ಲೇ ತಡೆದರು. ಯಜಮಾನರನ್ನು ಬಲಕ್ಕೆ ತಿರುಗಿಸಿ, ಸುತ್ತು ಹಾಕಿಸಿ, ಸರಿಯಾದ ತುದಿಯಿಂದ ಇಳಿಸಿದರು. ದನಿ ಒಂದೆಳೆಯೂ ಏರಲಿಲ್ಲ.

ಮಧ್ಯಾಹ್ನ ಯಜಮಾನರು ಟವರಿನ ಬುಡದಲ್ಲಿ ಕಾದಿದ್ದರು. “ಮೇಲಿನೋರಿಗೆ ಬರೀಬೇಡಿ ಅಕ್ಕ. ಲೈಸೆನ್ಸಿಗೆ ಕುತ್ತು ಬರತ್ತೆ.”

“ಬರೆದಾಯ್ತು ಅಣ್ಣ. ಹೇಳಿದ ಕೂಡ್ಲೇ ತಿದ್ಕೊಂಡ್ರು ಅಂತಾನೂ ಬರೆದಿದೀನಿ.”

ಯಜಮಾನರು ಮುಖ ತಿರುಗಿಸಿಕೊಂಡು ಹೋದರು. ಲೈಸೆನ್ಸು ಉಳಿಯಿತು, ಮತ್ತೊಮ್ಮೆ ತರಬೇತಿ ಪಡೆಯಬೇಕಾಯಿತು. ಮತ್ತೆ ಹಾರತೊಡಗಿದಾಗ ರೇಡಿಯೊದಲ್ಲಿ ಬೇಕಾದ ಮಾತನ್ನು ಅಳೆದು ಆಡುತ್ತಿದ್ದರೇ ವಿನಾ ‘ಅಕ್ಕ’ ಎನ್ನುತ್ತಿರಲಿಲ್ಲ. ಅವರ ಪೈಲಟ್ ಸ್ನೇಹಿತರೂ ರೇಡಿಯೊದಲ್ಲಿ ಮಾತು ಕಡಿಮೆ ಮಾಡಿದರು. ಈಕೆಗೆ ಅನ್ನ ಸೇರದಂತಾಯಿತು. “ಸಿಟ್ಟು ಮಾಡ್ಕೊಳ್ಲಿ, ಪರವಾಗಿಲ್ಲ. ಆದ್ರೆ ಹೆದರಿದೋರು ಬಾಯಿ ಬಿಡಲ್ಲ. ಬಾಯಿ ಬಿಡದೋರನ್ನ ನಾನು ಹೇಗೆ ಇಳಿಸ್ಲಿ? ಬರೆದಿದ್ದು ಸರಿ ಅಂತ ಗೊತ್ತು. ಆದ್ರೂ ಯಾರಾದ್ರೂ ಒಬ್ರು ಅದರಿಂದಾನೇ ತಮ್ಮ ತೊಂದ್ರೆ ಹೇಳ್ದೆ ಉಳಿದ್ರೆ ಅಂತ ಭಯ ಆಗ್ತಿತ್ತು.”

ಕೆಲವು ತಿಂಗಳ ಬಳಿಕ, ಒಂದು ಸಂಜೆ, ಊರಿನ ಸುತ್ತ ದಟ್ಟ ಮಂಜು ಕವಿಯಿತು. ಯಜಮಾನರು ಒಬ್ಬರೇ ಮೇಲಿದ್ದರು. ರೇಡಿಯೊ ಗರಗರ ಅಂದಿತು, ಮತ್ತೆ ಸುಮ್ಮನಾಯಿತು. ಆಮೇಲೆ ಸಣ್ಣ ದನಿ: “ಅಕ್ಕ, ನಾನೆಲ್ಲಿದೀನಿ ಅಂತ ನಂಗೆ ಗೊತ್ತಾಗ್ತಿಲ್ಲ.”

ಆಕೆ ಯಾಕೆ, ಏನು ಎನ್ನಲಿಲ್ಲ. “ಒಳ್ಳೇದಾಯ್ತು ಹೇಳಿದ್ದು. ಕೆಳಗೆ ಏನು ಕಾಣತ್ತೆ?”

“ಮಂಜು ಹರಿದ ಕಡೆ ಒಂದು ಉದ್ದದ ಕೆರೆ. ದಡದಲ್ಲಿ ಇಟ್ಟಿಗೆ ಗೂಡು, ಹೊಗೆ ಬರ್ತಿದೆ.”

ಆಕೆಗೆ ಜಾಗ ತಿಳಿಯಿತು. ಎತ್ತರ ಇಷ್ಟಿರಲಿ, ಮುಖ ಇತ್ತ ತಿರುಗಿಸಿ ಎಂದು ಒಂದೊಂದೇ ಸೂಚನೆ ಕೊಟ್ಟರು. ಯಜಮಾನರು ಅಕ್ಷರ ಬಿಡದೆ ಒಪ್ಪಿಸಿದರು. ಮಂಜಿನೊಳಗಿಂದ ರನ್‌ವೇಯ ದೀಪಗಳು ಅವರಿಗೆ ಕಂಡವು.

ಇಳಿದ ಮೇಲೆ ಈಕೆ ಕೇಳಿಯೇಬಿಟ್ಟರು: “ನನ್ನ ಮೇಲೆ ಅಷ್ಟು ಸಿಟ್ಟಿದ್ದೋರು ನನ್ನನ್ನೇ ಹೇಗೆ ಕರೆದ್ರಿ?”

“ನೀವು ಇದ್ದದ್ದನ್ನ ಇದ್ದ ಹಾಗೆ ಬರೆಯೋರು. ದಾರೀನೂ ಇದ್ದ ಹಾಗೇ ಹೇಳ್ತೀರಿ ಅಂದ್ಕೊಂಡೆ” ಎಂದರಂತೆ ಯಜಮಾನರು.

ಈ ಮಾತನ್ನು ಹೇಳುವಾಗ ಆಕೆಯ ಕಣ್ಣು ಆಕಾಶದ ಮೇಲೆಯೇ ಇದೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ. ಏನಾದರೂ ಆಸೆ ಉಳಿದಿದೆಯೇ?

“ಹೇಳಿದ್ದು ಕೇಳೋರು ಬೇಕಾದಷ್ಟು ಜನ ಸಿಗ್ತಾರೆ. ಗೊತ್ತಾಗ್ತಿಲ್ಲ ಅನ್ನೋರು ಸಿಗೋದು ಅಪರೂಪ. ಇನ್ನೂ ನಾಲ್ಕು ಜನ ಹಾಗೆ ಬಾಯಿಬಿಟ್ಟು ಹೇಳೋದು ಕೇಳಿಸ್ಕೊಂಡು ಹೋದ್ರೆ ಸಾಕಪ್ಪ.”