ಬಡವರೆಂದು ಬರೆದ ಕಾಗದ

ಪುತ್ತೂರು ಪೇಟೆಯ ಆಸ್ಪತ್ರೆಯಲ್ಲಿ ನಾನು ಆಡಿದ ಒಂದು ಮಾತಿಗೆ ನನ್ನ ಬಾಯಿಗೆ ಮಣ್ಣು ಹಾಕಬೇಕಿತ್ತು. ಆಗ ನನಗೆ ಒಂಬತ್ತು ವರ್ಷ. ತಪ್ಪು ನನ್ನದೋ, ಹಾಗೆ ಹೇಳಲು ಕಲಿಸಿದವರದೋ, ಇಷ್ಟು ವಯಸ್ಸಾದರೂ ತೀರ್ಮಾನವಾಗಿಲ್ಲ.

ತಂಗಿಗೆ ಆರು. ಸೊಂಟದ ಕೀಲು ಬಾತು, ಕಾಲು ಊರಲಾಗದೆ ಅಳುತ್ತಿದ್ದಳು. ಎಣ್ಣೆ ತಿಕ್ಕಿದ್ದಾಯಿತು, ನೂಲು ಕಟ್ಟಿದ್ದಾಯಿತು. ಕೊನೆಗೆ ಅಪ್ಪ ಅವಳನ್ನು ಬೆನ್ನಿಗೆ ಹಾಕಿಕೊಂಡು, ಕಡಬದ ಕಡೆಯಿಂದ ದೋಣಿಯಲ್ಲಿ ಹೊಳೆ ದಾಟಿ, ಸವಣೂರಿನವರೆಗೆ ನಡೆದು, ಅಲ್ಲಿಂದ ಬಸ್ಸಿನಲ್ಲಿ ಪುತ್ತೂರಿಗೆ ಒಯ್ದರು. ಮೂಳೆಗೆ ಕ್ಷಯ ಹತ್ತಿದೆ ಎಂದರಂತೆ ಡಾಕ್ಟರು. ತಿಂಗಳುಗಟ್ಟಲೆ ಸೂಜಿ ಹಾಕಬೇಕು, ಹಾಕದಿದ್ದರೆ ಈ ಮಗು ಇನ್ನು ನಡೆಯುವುದಿಲ್ಲ. ಆ ಮದ್ದು ನಮ್ಮಂಥವರು ಕೊಳ್ಳುವಂಥದ್ದಲ್ಲ. ಬಡವರ ಮಕ್ಕಳಿಗಾದರೆ ಸರಕಾರವೇ ಕೊಡುತ್ತದೆ, ಮಗು ಇಲ್ಲೇ ವಾರ್ಡಿನಲ್ಲಿರಲಿ, ನೀವು ಊರ ಪಟೇಲರಿಂದ ಬಡವರೆಂದು ಬರೆಸಿಕೊಂಡು ಬನ್ನಿ ಎಂದಿದ್ದರು.

ಅಪ್ಪ ಗೇಣಿ ಒಕ್ಕಲು. ಗದ್ದೆಯೂ ನಮ್ಮದಲ್ಲ, ಮನೆ ನಿಂತ ನೆಲವೂ ನಮ್ಮದಲ್ಲ. "ಇದರಲ್ಲಿ ಸುಳ್ಳು ಬರೆಯುದು ಎಂತ ಉಂಟು ಮಾರಾಯ?" ಎಂದು ಪಟೇಲರು ಅಲ್ಲೇ ಕೂತು ಬರೆದುಕೊಟ್ಟರು. ಆ ಕಾಗದವನ್ನು ಅಪ್ಪ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆಯೊಳಗೆ ಮಡಚಿಟ್ಟು ತಲೆಗೆ ಒತ್ತಿಕೊಂಡರು. ಈ ಸಲ ಅಮ್ಮನೂ ನಾನೂ ಜೊತೆಗೆ ಹೊರಟೆವು.

ಆಸ್ಪತ್ರೆಯ ಗುಮಾಸ್ತರು ಒಳ್ಳೆಯವರೇ. ಕಾಗದ ಓದಿದರು, ಮೊಹರು ಕೈಗೆತ್ತಿಕೊಂಡರು. ಅಷ್ಟರಲ್ಲಿ ಮೇಜಿನ ಮೇಲಿಂದ ಇಣುಕುತ್ತಿದ್ದ ನನ್ನನ್ನು ನೋಡಿ ನಕ್ಕು ಕೇಳಿದರು: "ನೀನು ಯಾರ ಮನೆ ಮಗು?"

ನಮ್ಮದು ಅಳಿಯಕಟ್ಟು. ಮಕ್ಕಳು ಅಮ್ಮನ ತವರಿಗೆ ಸೇರಿದವರು, ಆಸ್ತಿಯ ಪಾಲೂ ಅಲ್ಲಿಯದೇ, ಆ ಮನೆಗೆ ಯಜಮಾನ ಅಮ್ಮನ ಅಣ್ಣ. ಯಾರ ಮನೆಯೆಂದು ಯಾರೇ ಕೇಳಿದರೂ ಮಾವನ ಮನೆಯ ಹೆಸರನ್ನೇ ಹೇಳಬೇಕು. ತಪ್ಪಿದರೆ ಅಮ್ಮ ತೊಡೆ ಚಿವುಟುತ್ತಿದ್ದಳು. ನಾನು ಗಟ್ಟಿಯಾಗಿ, ಚೆಂದವಾಗಿ ಹೇಳಿದೆ. ನರಿಮೊಗರಿನ ಕಡೆಯ ಆ ದೊಡ್ಡ ಮನೆ ಪೇಟೆಯಲ್ಲಿ ಯಾರಿಗೆ ಗೊತ್ತಿಲ್ಲ?

ಮೊಹರು ಅಲ್ಲೇ ನಿಂತಿತು.

"ಎಂತ ಮಾರಾಯ್ರೆ, ಆ ಮನೆ ಮಕ್ಕಳಿಗೆ ಬಡವರ ಮದ್ದಾ?"

"ಆ ಮನೆಯ ಒಂದು ಹಿಡಿ ಅಕ್ಕಿ ನನ್ನ ಒಲೆಗೆ ಬರುದಿಲ್ಲ ಸ್ವಾಮಿ," ಎಂದರು ಅಪ್ಪ.

"ಅದಲ್ಲ. ಮಕ್ಕಳು ಆ ಮನೆಯವರು ಹೌದಾ, ಅಲ್ಲವಾ?"

ಅಪ್ಪ ಅಮ್ಮನ ಮುಖ ನೋಡಿದರು. ಅಲ್ಲ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಗುಮಾಸ್ತರು ಕಾಗದ ಹಿಂದಕ್ಕೆ ಕೊಟ್ಟರು. ಈ ಮಕ್ಕಳಿಗೂ ತನ್ನ ಮನೆಗೂ ಸಂಬಂಧವಿಲ್ಲ ಎಂದು ಮಾವನೇ ಬರೆದುಕೊಡಲಿ, ಮದ್ದು ಶುರು ಮಾಡಿಸೋಣ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಬೆಳಿಗ್ಗೆ ಬಡವರಾಗಿ ಹೊರಟವರು ಮಧ್ಯಾಹ್ನಕ್ಕೆ ಸಾಹುಕಾರರಾಗಿದ್ದೆವು, ಮತ್ತೆ ತಂಗಿಗೆ ಸೂಜಿ ಯಾಕೆ ಇಲ್ಲ? ಅಮ್ಮ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಅರ್ಧ ಸಂಕಟ ಕಡಿಮೆಯಾಗುತ್ತಿತ್ತು.

ಅಲ್ಲಿಂದ ನೇರ ಮಾವನ ಮನೆಗೆ ಹೋದೆವು. ಮಾವ ಸಿಟ್ಟಾಗಬಹುದು, ಇಲ್ಲವೇ "ನನ್ನ ಮನೆಯ ಮಗುವಿಗೆ ಧರ್ಮದ ಮದ್ದಾ, ನಾನೇ ಕೊಡಿಸುತ್ತೇನೆ" ಎನ್ನಬಹುದು ಎಂದು ಅಮ್ಮ ದಾರಿಯುದ್ದಕ್ಕೂ ಹೇಳುತ್ತಾ ಬಂದಿದ್ದಳು. ಮಾವ ಎರಡನ್ನೂ ಮಾಡಲಿಲ್ಲ. ಎಲೆ ಅಡಿಕೆ ಉಗುಳಿ ಬಂದು, ಶಾಯಿ ತರಿಸಿ, ಒಂದೇ ಉಸಿರಿಗೆ ಬರೆದರು. "ಮಗುವಿನ ಕಾಲಿಗಿಂತ ದೊಡ್ಡದು ಎಂತ ಉಂಟು? ಬೇಕಾದ್ದು ಬರೆದು ಕೊಡುದೇ." ಆಮೇಲೆ ನಮ್ಮನ್ನು ಕೂರಿಸಿ ಪಾಯಸದ ಊಟ ಹಾಕಿಸಿದರು. ಹೊರಡುವಾಗ ಒಂದು ಮುಡಿ ಅಕ್ಕಿಯನ್ನು ಆಳಿನ ತಲೆಯ ಮೇಲೆ ಬಸ್ಸಿನವರೆಗೆ ಕಳಿಸಿದರು. ಅಮ್ಮ ಮಾತ್ರ ದೈವದ ಕೋಣೆಯ ಹೊಸ್ತಿಲಿಗೆ ಹಣೆ ಹಚ್ಚಿದವಳು ಬೇಗ ಏಳಲಿಲ್ಲ.

ಮಾವ ಪುಣ್ಯಾತ್ಮರೋ, ಇಂಥದೊಂದು ಕಾಗದಕ್ಕೇ ಕಾಯುತ್ತಿದ್ದವರೋ? ಎಷ್ಟು ಸಲ ಯೋಚಿಸಿದೆನೋ, ಲೆಕ್ಕವಿಲ್ಲ. ಆ ಪಾಯಸ ಮಾತ್ರ ಬಹಳ ರುಚಿಯಾಗಿತ್ತು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆ ವರ್ಷ ಅವರ ಮನೆಯ ದೈವದ ಕೋಲಕ್ಕೆ ನಮ್ಮನ್ನು ಕರೆಯುವ ಹೇಳಿಕೆ ಬರಲಿಲ್ಲ. ಮರೆತಿರಬೇಕು ಎಂದಳು ಅಮ್ಮ.

ಸೂಜಿ ಕೆಲಸ ಮಾಡಿತು. ತಿಂಗಳುಗಳು ಕಳೆದ ಮೇಲೆ ತಂಗಿಯನ್ನು ಮನೆಗೆ ಕರೆತರುವ ದಿನ ಅವಳು ದೋಣಿಯವರೆಗೆ ತಾನೇ ನಡೆದಳು. ಸ್ವಲ್ಪ ಕುಂಟು, ಆದರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಅಪ್ಪ ಎಲ್ಲರೆದುರೇ ಅತ್ತರು. ಹೊಸದಾಗಿ ಬಂದಿದ್ದ ದೋಣಿಯವನು ಹುಟ್ಟು ಕೈಗೆತ್ತಿಕೊಳ್ಳುವ ಮೊದಲು ಅವಳ ಕೆನ್ನೆ ತಟ್ಟಿ ಕೇಳಿದ: "ಯಾರ ಮನೆದು ಈ ಪುಟ್ಟಿ?"

ತಂಗಿಗೆ ಆ ಕಾಗದದ ವಿಷಯ ಯಾರೂ ಹೇಳಿರಲಿಲ್ಲ. ಕಲಿತದ್ದನ್ನು ಮರೆಯದ ಮಗು ಅವಳು. ಬೆನ್ನು ನೆಟ್ಟಗೆ ಮಾಡಿ, ಮಾವನ ಮನೆಯ ಹೆಸರಿನ ಮೊದಲ ಅಕ್ಷರ ಎತ್ತುವಷ್ಟರಲ್ಲಿ ಅಮ್ಮ ಮೆಲ್ಲ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ದೋಣಿ ಆಚೆ ದಡ ಮುಟ್ಟುವವರೆಗೆ ಆ ಕೈ ತೆಗೆಯಲಿಲ್ಲ.